ಟೀಚರಮ್ಮನೂ ಬಾವುಟದ ಕಂಬವೂ

ರಿಟೈರಾಗಿ ಸೂಳಗಿರಿಯಲ್ಲಿ ನೆಲೆಸಿದ್ದ ಟೀಚರಮ್ಮ ಹೋದರೆಂಬ ಸುದ್ದಿ ಬಂದಾಗ ನಾನು ಕಣದಲ್ಲಿ ಹುರುಳಿ ಬಡಿಯುತ್ತಿದ್ದೆ. ಬಡಿಯುವುದನ್ನು ಮುಗಿಸಿಯೇ ಎದ್ದೆ. ನಾನೇ ಮೊದಲು ಸತ್ತು ಸುದ್ದಿ ಅವರಿಗೆ ಹೋಗಿದ್ದರೆ ಅವರೂ ಕೈಗೆತ್ತಿಕೊಂಡ ಕೆಲಸ ಮುಗಿಸಿಯೇ ಏಳುತ್ತಿದ್ದರು. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ.

ಮಣ್ಣಿಗೆ ಹೋಗಿದ್ದೆ. ಪೆಟ್ಟಿಗೆಯ ಸುತ್ತ ನಿಂತವರು, "ಮೆದು ಹೆಂಗಸು, ಯಾರಿಗೂ ಒಂದು ಮಾತು ಅಂದವರಲ್ಲ" ಎಂದು ಹೇಳಿಕೊಂಡು ಅಳುತ್ತಿದ್ದರು. ಬೇರೆ ಯಾರನ್ನೋ ಹೂಳುವ ಕಡೆ ಬಂದುಬಿಟ್ಟೆನೇನೋ ಎಂದು ಬಗ್ಗಿ ಮುಖ ನೋಡಿದೆ. ಅವರೇ. ನಮ್ಮೂರಿನಲ್ಲಿದ್ದಷ್ಟು ಕಾಲ ಆಕೆಯ ಬಾಯಿಗೆ ಸಿಕ್ಕದೆ ಉಳಿದವರು ಒಬ್ಬರೂ ಇಲ್ಲ. ನನಗಂತೂ ದಿನಕ್ಕೊಂದು ಬೈಗುಳ ಕಟ್ಟಿಟ್ಟದ್ದು. ಸತ್ತವರನ್ನು ಹೀಗೆ ತೊಳೆದು ಬಿಳಿ ಮಾಡಿ ಹೂತರೆ, ಹೂತದ್ದು ಯಾರನ್ನು ಅಂತ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಅಕ್ಷರ ಕಲಿಸಿದವರೂ ಅವರೇ. ಒತ್ತಕ್ಷರ ತಪ್ಪಿದ್ದರೆ ತಪ್ಪು ನನ್ನದು.

ನಮ್ಮೂರು ತಮಿಳುನಾಡಿನ ಅಂಚೆಟ್ಟಿಯಿಂದಾಚೆ, ನಾಟ್ರಾಂಪಾಳ್ಯಕ್ಕೆ ಹೋಗುವ ದಾರಿ ಬಿಟ್ಟು ಕಾಡೊಳಗೆ ಇಳಿದರೆ ಸಿಗುತ್ತದೆ. ಆಗೆಲ್ಲ ಬಸ್ಸು ಅಂಚೆಟ್ಟಿಯವರೆಗೆ ಮಾತ್ರ. ಮುಂದಕ್ಕೆ ಕಾಲೇ ಗತಿ. ಅವರಿಗಿಂತ ಮುಂಚೆ ಬಂದ ಮೇಷ್ಟ್ರುಗಳೆಲ್ಲ ದಾರಿಯಲ್ಲಿ ಬಿಸಿ ಆನೆ ಲದ್ದಿ ಕಂಡ ವಾರವೇ ವರ್ಗ ಮಾಡಿಸಿಕೊಂಡು ಹೋದರು. ಈಕೆ ಬಂದದ್ದು ಎಮರ್ಜೆನ್ಸಿ ಮುಗಿದ ಮೇಲೆ. ಹೊಸೂರು ಕಡೆಯವರು, ಕಿರಸ್ತಾನದವರು, ಮದುವೆಯಾಗಿರಲಿಲ್ಲ. ಬೋಳು ಹಣೆ, ಅಗಲ ಪಾದ, ಆ ಪಾದಕ್ಕೆ ಹೆಂಗಸರ ಚಪ್ಪಲಿ ಹಿಡಿಸದೆ ಗಂಡಸರ ಟೈರು ಚಪ್ಪಲಿ. ಕೊಡೆಯ ತುದಿಯಿಂದ ಪೊದೆ ಬಡಿಯುತ್ತಾ, ಆನೆಗೆ ಕೇಳಲೆಂದು ಮಗ್ಗಿ ಕೂಗಿಕೊಂಡು ನಡೆಯುತ್ತಿದ್ದರು. ಹದಿಮೂರರ ಮಗ್ಗಿ ಕೇಳಿದರೆ ಯಾವ ಆನೆಯೂ ನಿಲ್ಲುವುದಿಲ್ಲ ಎನ್ನುತ್ತಿದ್ದರು.

ನಮ್ಮ ಮನೆಗೆ ಅಂಟಿಕೊಂಡ ಕೋಣೆಯಲ್ಲೇ ಇದ್ದರು. ನಡುವೆ ಒಂದು ಮಣ್ಣಿನ ಗೋಡೆ. ಆದ್ದರಿಂದ ಅವರ ಗೊರಕೆ, ಪ್ರಾರ್ಥನೆ, ಕದ್ದು ಎಲೆಯಡಿಕೆ ಜಗಿಯುವ ಸದ್ದು ಎಲ್ಲವೂ ನನಗೆ ಬಾಯಿಪಾಠ. ಪ್ರಾರ್ಥನೆ ತಮಿಳಿನಲ್ಲಿ, ಲೆಕ್ಕ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ. ಮಕ್ಕಳಿಗೆ ಹೊಡೆಯುತ್ತಿದ್ದರು, ಅದೂ ಚೆನ್ನಾಗಿಯೇ. ಕಾಫಿಪುಡಿ ಕೇಳಿದರೆ ಡಬ್ಬಿ ಅಲ್ಲಾಡಿಸಿ, "ಖಾಲಿ" ಎನ್ನುತ್ತಿದ್ದರು. ಒಳಗೆ ಪುಡಿ ಉರುಳಾಡುವ ಸದ್ದು ನನಗೂ ಕೇಳಿಸುತ್ತಿತ್ತು, ಅವರಿಗೂ ಕೇಳಿಸುತ್ತಿತ್ತು.

ಪ್ರಾರ್ಥನೆಯಲ್ಲಿ ಮಳೆಗೆ ಬೇಡುತ್ತಿದ್ದರು, ಊರಿಗೆ ಬೇಡುತ್ತಿದ್ದರು. ಆಮೇಲೆ ದೇಶ ಆಳುವವರಿಗೆ. ಇದು ನನಗೆ ವಿಚಿತ್ರವೆನಿಸಿತು. ಒಂದು ದಿನ ರಾಗಿ ಕೇರುತ್ತಾ ಕೇಳಿದೆ.

"ಅವರ್ಗೇ ಓಟು ಹಾಕಿದ್ರಾ ಟೀಚರಮ್ಮ?"

"ಇಲ್ಲ. ಎದುರು ನಿಂತೋರ್ಗೆ ಹಾಕ್ದೆ."

"ಮತ್ತೆ ಇವರ್ಗ್ಯಾಕೆ ಬೇಡ್ಕೊಳ್ತೀರ?"

"ಗಾಡಿ ಹೊಡೀತಿರೋನು ಅವನಲ್ವಾ? ಅವನಿಗೆ ಬುದ್ಧಿ ಬರ್ಲಿ ಅಂತ ಕೂತೋರು ಬೇಡ್ಕೋಬೇಕು. ಇಲ್ದಿದ್ರೆ ಹಳ್ಳಕ್ಕೆ ಬೀಳೋರು ನಾವೇ."

ಅವರ ಚಿಕ್ಕಪ್ಪನ ಮಗ ಒಬ್ಬ ಒಮ್ಮೆ ಬಂದಿದ್ದ. ಅವನು ಯಾವುದೋ ಹೊಸ ಪ್ರಾರ್ಥನೆಯವರ ಜೊತೆ ಸೇರಿದ್ದನಂತೆ. ಅಕ್ಕ ಬಾವುಟಕ್ಕೆ ಸೆಲ್ಯೂಟ್ ಹೊಡೆಯುತ್ತಾಳೆಂದು ಕೇಳಿ, ಬಿಡಿಸಲು ಬಂದಿದ್ದ. ನಮ್ಮ ಜಗಲಿಯಲ್ಲೇ ಕೂತು, "ಅಕ್ಕಾ, ನಮ್ಮೂರಿರೋದು ಮೇಲೆ. ಇಲ್ಲಿ ನಾವು ಬಂದು ಹೋಗೋ ನೆಂಟ್ರು. ನಮ್ಗ್ಯಾಕೆ ಬಾವುಟ, ಹಾಡು?" ಎಂದ.

"ನೆಂಟ್ರೇ ಇರ್ಲಿ. ನೆಂಟ್ರ ಮನೇಲಿ ಉಂಡ್ರೆ ತಟ್ಟೆ ತೊಳೀಬೇಕೋ ಬ್ಯಾಡ್ವೋ?"

ಊಟವಾದ ಮೇಲೆ ನಿಜವಾಗಿಯೂ ಅವನ ಕೈಯಲ್ಲೇ ತಟ್ಟೆ ತೊಳೆಸಿ ಕಳಿಸಿದರು.

ಇಷ್ಟು ಹೇಳಿದ್ದು ಏಕೆಂದರೆ, ಆಮೇಲೆ ನಮ್ಮೂರಿನವರೇ ಅವರ ಮೇಲೆ ದೇಶದ್ರೋಹದ ಮಾತು ಹೊರಿಸಿದರು. ಹೊರಿಸಿದವರಿಗೆ ಈ ತಟ್ಟೆಯ ಕತೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊದಲೆಲ್ಲ ಶಾಲೆಯ ಬಾವುಟವನ್ನು ಬೇವಿನ ಮರಕ್ಕೆ ಬಿದಿರು ಕಟ್ಟಿ ಹಾರಿಸುತ್ತಿದ್ದರು. ಒಂದು ವರ್ಷ ಊರ ಗೌಡನಿಗೆ ಮನಸ್ಸು ಬಂದು, ತನ್ನ ಹೊಲದಂಚಿನಲ್ಲಿ ನೆಟ್ಟಗೆ ಬೆಳೆದಿದ್ದ ಮರ ಕಡಿಸಿ ಕೆತ್ತಿಸಿ, ಶಾಲೆಯ ಮುಂದೆ ಕಂಬ ನೆಡಿಸಿದ. ಟೀಚರಮ್ಮ ಟ್ರೈನಿಂಗಿಗೆಂದು ಕೃಷ್ಣಗಿರಿಗೆ ಹೋಗಿದ್ದರು. ಕಂಬ ನೆಡುವುದೆಂದರೆ ನಮಗೆ ಗೊತ್ತಿದ್ದದ್ದು ಒಂದೇ ರೀತಿ. ಮದುವೆಯ ಚಪ್ಪರಕ್ಕೆ ಹಾಲುಗಂಬ ನೆಡುತ್ತೇವಲ್ಲ, ಹಾಗೆ. ಮುತ್ತೈದೆಯರೈವರು ಸೇರಿ ಗುಂಡಿಗೆ ನವಧಾನ್ಯ ಹಾಕಿದೆವು, ಹಾಲು ಎರೆದೆವು. ಕಂಬಕ್ಕೆ ಅರಿಸಿನ ಬಳಿದು, ಕುಂಕುಮ ಇಟ್ಟು, ಮಾವಿನೆಲೆಯ ಜೊತೆ ಕಂಕಣ ಕಟ್ಟಿದೆವು. ಮೊದಲು ಹಾಲೆರೆದವಳು ನಾನು. ಅದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಕಂಬವನ್ನು ಬರಿಗೈಯಲ್ಲಿ ನೆಟ್ಟು ಬರುವುದು ಹೇಗೆ?

ಟೀಚರಮ್ಮ ಬಂದು ನೋಡಿದರು. ಕಂಬದ ಸುತ್ತ ಒಂದು ಸುತ್ತು ಬಂದು, "ನೆಟ್ಟಗೈತೆ. ಹಾಲಿಗೆ ಇರುವೆ ಬರ್ದಿದ್ರೆ ಸಾಕು" ಎಂದರು. ಅಷ್ಟೆ.

ಆದರೆ ಅರಿಸಿನ ಕುಂಕುಮ ಕಂಡ ಮರ ಸುಮ್ಮನಿರುವುದಿಲ್ಲ. ಯಾರೋ ಮಗುವಿನ ಜ್ವರಕ್ಕೆ ಅಲ್ಲಿ ಕರ್ಪೂರ ಹಚ್ಚಿದರು. ಜ್ವರ ಇಳಿಯಿತು. ಗೌಡನ ತಾಯಿ ಹರಕೆ ಹೊತ್ತಳು. ಹೊಸ ಮದುಮಕ್ಕಳು ಸುತ್ತು ಬಂದರು. ಕಂಬದ ಹತ್ತಿರ ಚಪ್ಪಲಿ ಬಿಡಬೇಕೆಂದಾಯಿತು, ಮುಟ್ಟಾದವರು ದೂರ ನಡೆಯಬೇಕೆಂದಾಯಿತು. ಇದನ್ನೆಲ್ಲ ಯಾರೂ ಕೂತು ತೀರ್ಮಾನಿಸಲಿಲ್ಲ. ತಾನಾಗಿ ಆಯಿತು.

ಆಗಸ್ಟ್ ಹದಿನೈದು ಹತ್ತಿರ ಬಂತು. ಟೀಚರಮ್ಮನದು ಒಂದು ಪದ್ಧತಿ ಇತ್ತು. ಐದನೇ ಕ್ಲಾಸಿನಲ್ಲಿ ಯಾವ ಮಗು ಎಲ್ಲರಿಗಿಂತ ಕಮ್ಮಿ ಚಕ್ಕರ್ ಹೊಡೆದಿದೆಯೋ ಆ ಮಗುವೇ ಬಾವುಟದ ಹಗ್ಗ ಎಳೆಯಬೇಕು. ಜಾಣತನಕ್ಕಲ್ಲ, ಬಂದದ್ದಕ್ಕೆ. ಆ ವರ್ಷ ಆ ಮಗು ಕೆಂಪಿ. ಕೆಂಪಿ ಕಾಲೋನಿಯ ಹುಡುಗಿ. ಕಾಲೋನಿ ಎಂದರೆ ಊರಾಚೆಯ ಕೇರಿ. ಅವರು ಗುಡಿ ಹತ್ತುವಂತಿರಲಿಲ್ಲ, ನಮ್ಮ ಬಾವಿ ಮುಟ್ಟುವಂತಿರಲಿಲ್ಲ. ಶಾಲೆಗೆ ಬರುತ್ತಿದ್ದರು. ಅದೂ ಟೀಚರಮ್ಮ ಬಂದ ಮೇಲೆ. ಹಿಂದಿನ ವರ್ಷಗಳಲ್ಲಿ ಬಿದಿರಿನ ಹಗ್ಗ ಯಾರು ಎಳೆದರೆಂದು ಊರಿನವರು ತಲೆ ಕೆಡಿಸಿಕೊಂಡಿರಲಿಲ್ಲ. ಈಗಿನದು ಹಾಲೆರೆದ ಕಂಬ.

ಗೌಡ ನಮ್ಮ ಜಗಲಿಗೆ ಬಂದು ಕೂತ. ಟೀಚರಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ಅಮ್ಮಾ, ಆ ಹುಡ್ಗಿ ಕಂಬ ಮುಟ್ಟೋ ಹಂಗಿಲ್ಲ. ಎರಡ್ನೇದು ಮಾದಮ್ಮನ ಮಗ್ಳು ರತ್ನ ಅಲ್ವಾ, ಅವ್ಳು ಎಳೀಲಿ. ಮೊದ್ಲು ನೀವು ಕಂಬಕ್ಕೊಂದು ಮಂಗಳಾರತಿ ಮಾಡ್ಬುಡಿ. ಆಮ್ಯಾಕೆ ಬಾವುಟ."

ನನ್ನ ಮಗಳ ಹೆಸರು ಕೇಳಿ ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಟೀಚರಮ್ಮ ಕೈಲಿದ್ದ ಕಾಯಿ ಸುಲಿದು ಮುಗಿಸಿದರು. "ಗೌಡ್ರೇ, ಎರಡ್ರಲ್ಲಿ ಒಂದು ಹೇಳಿ. ಅದು ದೇವ್ರ ಕಂಬ ಆದ್ರೆ ನಾನು ಬಾವುಟ ಬ್ಯಾರೆ ಕಡೆ ಹಾರಿಸ್ತೀನಿ. ಬಾವುಟದ ಕಂಬ ಆದ್ರೆ ಕೆಂಪಿ ಹಗ್ಗ ಎಳೀತಾಳೆ."

"ಎರಡೂ ಯಾಕಾಗ್ಬಾರ್ದು? ದೇಶ ಅಂದ್ರೆ ತಾಯಿ. ತಾಯಿಗೆ ಆರತಿ ಎತ್ತಲ್ಲ ಅಂದ್ರೆ ಏನರ್ಥ? ಈ ದೇಶದ ಮ್ಯಾಲೆ ನಿಮ್ಗೆ ಭಕ್ತಿ ಇಲ್ಲ ಅಂತಾನೇ ಅರ್ಥ."

"ನಮ್ಮಮ್ಮ ಹೊಸೂರಲ್ಲವ್ಳೆ. ಒಂದಿನಾನೂ ಅವಳಿಗೆ ಆರತಿ ಎತ್ತಿಲ್ಲ. ಕಾಲು ನೋವು ಅಂದ್ರೆ ಎಣ್ಣೆ ತಿಕ್ತೀನಿ. ಅವ್ಳು ಬ್ಯಾರೆಯೋರಿಗೆ ಅನ್ಯಾಯದ ಮಾತಾಡಿದ್ರೆ ಜಗಳ ಕಾಯ್ತೀನಿ. ಆರತಿ ಎತ್ಕೊಂಡು ಕೂತಿದ್ರೆ ಜಗಳ ಕಾಯೋಕೆ ಆಗ್ತಿತ್ತಾ?"

"ನಾಲಿಗೆ ಉದ್ದ ಆಯ್ತು ನಿಮ್ದು" ಎಂದು ಗೌಡ ಎದ್ದ. "ಅಂಚೆಟ್ಟಿಗೋಗಿ ಹೇಳ್ತೀನಿ. ಬಾವುಟಕ್ಕೆ ಅವಮಾನ ಮಾಡೋ ಟೀಚರ್ ನಮ್ಗೆ ಬ್ಯಾಡ ಅಂತ."

ಗೌಡನ ಮಾತು ಅಂಚೆಟ್ಟಿಯಲ್ಲಿ ನಡೆಯುತ್ತಿತ್ತು. ಕೆಲಸ ಹೋಗದಿದ್ದರೂ ಊರು ಬಿಡಬೇಕಾದೀತು ಎಂದು ಅವರಿಗೆ ಗೊತ್ತಿತ್ತು. ಅವರು ಬಿಟ್ಟರೆ ಶಾಲೆಗೆ ಬೀಗವೇ ಎಂದು ನನಗೆ ಗೊತ್ತಿತ್ತು. ರತ್ನ ಐದನೇ ಕ್ಲಾಸು ಮುಗಿಸಬೇಕಿತ್ತು. ಗೌಡ ಹೋದ ಮೇಲೆ ನಾನೂ ಕಾಯಿ ಸುಲಿಯಲು ಕೂತೆ.

"ಒಂದು ಬಿಲ್ಲೆ ಕರ್ಪೂರ ಹಚ್ಚಿದ್ರೆ ನಿಮ್ಮ ಏಸು ಸತ್ತೋಗ್ತಾರಾ?"

"ಅವ್ರು ಒಂದ್ಸಲ ಸತ್ತು ಆಗೈತೆ ಬುಡು."

ನನಗೆ ನಗು ಬಂತು. ಅವರು ನಗಲಿಲ್ಲ.

"ನಿನ್ನ ಕರ್ಪೂರದ ಮೇಲೆ ನಂಗೇನೂ ಕೋಪ ಇಲ್ಲ ಮಾದಮ್ಮ. ನಿಮ್ಮ ಗುಡೀಲಿ ನೀವು ಹಚ್ಕೊಳ್ಳಿ. ದೇಶಾನ ಗುಡಿ ಮಾಡ್ಬ್ಯಾಡಿ. ದೇವ್ರು ಮಾಡಿದ ತಕ್ಷಣ ಯಾರು ಮುಟ್ಟಬೌದು, ಯಾರು ಮುಟ್ಟಬಾರ್ದು ಅಂತ ಶುರುವಾಗ್ತದೆ. ಕಂಬ ನೆಟ್ಟು ಒಂದು ಬೆಳೆ ಕುಯ್ದಿಲ್ಲ, ಆಗ್ಲೇ ಕೆಂಪಿ ಆಚೆಗೆ ನಿಂತ್ಲು."

ಮಾತು ಸರಿಯೇ. ಆದರೆ ಸರಿಯಾದ ಮಾತನ್ನು ಸುಮ್ಮನೆ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. "ನಿಮ್ಮ ಚರ್ಚಿನಲ್ಲಿ ಎಲ್ಲಾ ಒಂದೇ ಬೆಂಚಿನ ಮ್ಯಾಲೆ ಕೂರ್ತಾರಾ?" ಎಂದೆ.

ಅವರ ಕೈ ನಿಂತಿತು. ಹಿಡಿದ ಕಾಯಿ ಸುಲಿದು ಮುಗಿಸದೆ ಅವರು ಕೈ ನಿಲ್ಲಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ನಾನು ಚಿಕ್ಕೋಳಿದ್ದಾಗ ಕಾಲೋನಿಯೋರಿಗೆ ಹಿಂದುಗಡೆ ಚಾಪೆ ಹಾಕ್ತಿದ್ರು. ಈಗ ಬೆಂಚು ಕೊಟ್ಟವ್ರೆ. ಹಿಂದುಗಡೇನೇ."

"ಮತ್ತೆ ಅಲ್ಲೋಗಿ ಜಗಳ ಕಾಯದು ಬುಟ್ಟು ಇಲ್ಲಿ ಬಂದಿದ್ದೀರಲ್ಲ."

"ಅಲ್ಲೂ ಕಾಯ್ದೇ ಬಂದಿದ್ದೀನಿ. ಅದಕ್ಕೇ ನಂಗೆ ಗಂಡು ಸಿಗ್ಲಿಲ್ಲ" ಎಂದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಕೇಳಲಿಲ್ಲ.

ಹದಿನೈದನೇ ತಾರೀಕು ನಮ್ಮೂರಿನಲ್ಲಿ ಎರಡು ಬಾವುಟ ಹಾರಿದವು. ಟೀಚರಮ್ಮ ಹಳೆಯ ಬಿದಿರನ್ನು ಬೇವಿನ ಮರಕ್ಕೆ ಕಟ್ಟಿದರು. ಅಲ್ಲಿ ಕೆಂಪಿ, ಶಾಲೆಯ ಮಕ್ಕಳು, ಬೇಲಿಯಾಚೆ ಕಾಲೋನಿಯವರು. ಗೌಡ ಅಂಚೆಟ್ಟಿಯಿಂದ ಬೇರೆ ಬಾವುಟ ತರಿಸಿದ್ದ. ಹಾಲುಗಂಬದ ಹತ್ತಿರ ಊರಿನ ದೊಡ್ಡವರು. ನಾನೂ ಅಲ್ಲೇ, ಆರತಿ ತಟ್ಟೆ ಹಿಡಿದುಕೊಂಡು. ಹಗ್ಗ ರತ್ನನ ಕೈಲಿ. ತೆಂಗಿನಕಾಯಿ ಒಡೆದೆವು, ಆರತಿ ಎತ್ತಿದೆವು, ಬಾವುಟ ಬಿಚ್ಚಿಕೊಂಡಿತು. ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಮ್ಮ ಕಡೆ ರತ್ನ ಬಿಟ್ಟರೆ ಹಾಡು ಬರುವವರೇ ಇರಲಿಲ್ಲ. ಅಷ್ಟರಲ್ಲಿ ಬೇವಿನ ಮರದ ಕಡೆ ಮಕ್ಕಳು ಹಾಡು ಎತ್ತಿಕೊಂಡರು. ರತ್ನ ಹಗ್ಗ ಹಿಡಿದಲ್ಲಿಂದಲೇ ಅವರ ಜೊತೆ ದನಿ ಸೇರಿಸಿದಳು. ಗೌಡ ಅವಳನ್ನು ದುರುಗುಟ್ಟಿ ನೋಡಿ, ಆಮೇಲೆ ತಾನೂ ಕಾಲು ಜೋಡಿಸಿ ನಿಂತ.

ಆದರೂ ಅವನು ಅರ್ಜಿ ಕೊಡದೆ ಬಿಡಲಿಲ್ಲ. ಒಂದು ದಿನ ಆಫೀಸರೊಬ್ಬರು ಜೀಪನ್ನು ದೂರದಲ್ಲಿ ಬಿಟ್ಟು, ಬೆವರು ಸುರಿಸಿಕೊಂಡು ನಡೆದು ಬಂದರು. ಕೋಪದಲ್ಲೇ ಇದ್ದರು. ಈ ಅಮ್ಮ ಬಾವುಟಕ್ಕೆ ಅವಮಾನ ಮಾಡಿದ್ದನ್ನು ಕಂಡಿದ್ದೀರಾ ಎಂದು ತಮಿಳಿನಲ್ಲಿ ನನ್ನನ್ನು ಕೇಳಿದರು.

"ಅವಮಾನ ಆಗಿರೋದು ನನ್ನ ಚೊಂಬಿಗೆ ಸ್ವಾಮಿ" ಎಂದೆ. "ಬಾವುಟಕ್ಕೆ ಇಸ್ತ್ರಿ ಹಾಕ್ಬೇಕು ಅಂತ ವರ್ಷ ವರ್ಷ ನನ್ನ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಉಜ್ತಾರೆ. ತಳ ನೋಡಿ, ಹೆಂಗೆ ಮಸಿಯಾಗೈತೆ." ಒಳಗೆ ಹೋಗಿ ಚೊಂಬು ತಂದು ತೋರಿಸಿದೆ.

ಆಫೀಸರು ಚೊಂಬನ್ನೂ ನೋಡಿದರು, ಕಂಬವನ್ನೂ ನೋಡಿದರು. ಕಂಬಕ್ಕೆ ಪೂಜೆ ಮಾಡಬೇಕೆಂದು ರೂಲ್ಸು ಇಲ್ಲ ಎಂದು ಗೌಡನಿಗೆ ಹೇಳಿದರು. ಟೀಚರಮ್ಮನದು ತಪ್ಪಿಲ್ಲ ಎಂದೂ ಹೇಳಿದರು. ಹೇಳಿ, ಊರು ಶಾಂತವಾಗಿರಲಿ ಎಂದು ಅವರನ್ನು ಸೂಳಗಿರಿ ಕಡೆಗೆ ವರ್ಗ ಮಾಡಿದರು. ತಪ್ಪಿಲ್ಲದವರನ್ನೇ ಎಬ್ಬಿಸಿದರೆ ಊರು ಶಾಂತವಾಗುತ್ತದೆಂದು ಆಫೀಸುಗಳಲ್ಲಿ ಯಾರು ಕಲಿಸುತ್ತಾರೋ.

ಹೋಗುವ ದಿನ ಟೀಚರಮ್ಮ ಅಳಲಿಲ್ಲ. ಕಾಫಿಪುಡಿಯ ಡಬ್ಬಿಯನ್ನು ನನಗೆ ಕೊಟ್ಟರು. ನಿಜವಾಗಿಯೂ ಖಾಲಿ ಮಾಡಿ ಕೊಟ್ಟಿದ್ದರು.

ಶಾಲೆಗೆ ಬೀಗ ಬಿತ್ತು. ಜಗಲಿಯ ಮೇಲೆ ಮೇಕೆಗಳು ಮಲಗತೊಡಗಿದವು. ಹೊಸದಾಗಿ ಹಾಕಿದ ಮೇಷ್ಟ್ರು ಒಬ್ಬರು ಅಂಚೆಟ್ಟಿಯವರೆಗೆ ಬಂದು, ದಾರಿ ವಿಚಾರಿಸಿ ಅಲ್ಲಿಂದಲೇ ಹಿಂದಿರುಗಿದರಂತೆ. ರತ್ನ ಅಕ್ಷರ ಮರೆಯತೊಡಗಿದಳು. ಗೌಡನ ಮೊಮ್ಮಗ ಶಾಲೆಯಿಲ್ಲದೆ ಕವಣೆ ಹಿಡಿದು ಊರಿನ ಹೆಂಚೆಲ್ಲ ಒಡೆದ. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಗೌಡ ಬಂದು, "ಮಾದಮ್ಮಾ, ನಿನ್ನ ಗಂಡನ್ನೂ ಕರ್ಕೋ. ಸೂಳಗಿರಿಗೆ ಹೋಗ್ಬರಾನ" ಎಂದ.

ಟೀಚರಮ್ಮ ನಮ್ಮನ್ನು ಕೂರಿಸಲಿಲ್ಲ. ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದರು.

"ಓಡ್ಸಿದೋರೂ ನೀವೇ, ಕರೆಯೋಕೆ ಬಂದೋರೂ ನೀವೇ."

"ಆನೆಗೆ ಹೆದರ್ದಿರೋರು ಬ್ಯಾರೆ ಯಾರೂ ಸಿಕ್ಲಿಲ್ಲ ಕಣಮ್ಮ" ಎಂದ ಗೌಡ.

"ಆ ಕಂಬ ಏನಾಯ್ತು?"

"ಚಪ್ಪರ ಹಾಕ್ಸಿದ್ದೀವಿ. ಶುಕ್ರವಾರ ದೀಪ ಐತೆ. ಕೀಳು ಅಂತ ಮಾತ್ರ ಅನ್ಬ್ಯಾಡಿ."

"ನಾನ್ಯಾಕೆ ಕೀಳ್ಲಿ? ಅದು ನಿಮ್ಮ ದೇವ್ರು, ಇರ್ಲಿ. ಬಾವುಟಕ್ಕೆ ಬ್ಯಾರೆ ಕಂಬ ಕೊಡಿ. ಅದಕ್ಕೆ ಹಾಲು, ಅರಿಸಿನ ಮುಟ್ಟಿಸೋ ಹಂಗಿಲ್ಲ. ಹಗ್ಗ ಯಾರು ಎಳೀಬೇಕು ಅಂತ ನಾನು ಹೇಳ್ತೀನಿ. ಕಾಲೋನಿಯೋರು ಬೇಲಿ ಒಳಗೆ ನಿಂತ್ಕೋತಾರೆ."

ಗೌಡ ಟವಲಿನಿಂದ ಮುಖ ಒರೆಸಿಕೊಂಡ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಿ. ಕಿರಸ್ತಾನದೋರಾಗಿ ನಿಮ್ಗ್ಯಾಕಮ್ಮ ಈ ಬಾವುಟದ ಮ್ಯಾಲೆ ಇಷ್ಟು ಹಟ?"

"ಕಿರಸ್ತಾನದೋಳು ಆಗಿರೋದಕ್ಕೇ ಗೌಡ್ರೇ. ಕೈ ಮುಗಿಯೋಕೆ ನಂಗೆ ದೇವ್ರು ಆಗ್ಲೇ ಅವ್ರೆ. ಅದಕ್ಕೇ ದೇಶಾನ ದೇಶವಾಗೇ ಇಟ್ಕೊಳ್ಳೋಕೆ ಆಗ್ತದೆ ನಂಗೆ."

ಗೌಡನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ. ನಾನು ಮಾತ್ರ ಬಸ್ಸಿನಲ್ಲಿ ಡೆಂಕಣಿಕೋಟೆಯವರೆಗೂ ಅದನ್ನೇ ಯೋಚಿಸುತ್ತಾ ಬಂದೆ. ನನಗೆ ದೇವರು ಬೇಕಾದಷ್ಟಿವೆ, ಒಂದು ಹೆಚ್ಚಾದರೆ ಭಾರವಾಗುವುದಿಲ್ಲ. ಅವರಿಗೆ ಇದ್ದದ್ದೇ ಒಂದು. ಅದಕ್ಕೆ ಇನ್ನೊಂದು ಸೇರದಂತೆ ಕಾವಲಿರಬೇಕು. ಆ ಕಾವಲಿನಿಂದ ಕೆಂಪಿಗೆ ಬೇಲಿಯೊಳಗೆ ಜಾಗ ಸಿಗುವುದಾದರೆ ನನ್ನದೇನು ಗಂಟು ಹೋಗುತ್ತದೆ ಎನ್ನಿಸಿತು. ದೇಶವನ್ನು ತಾಯಿಯೆಂದು ಕೈ ಮುಗಿಯುವುದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅವರೂ ನನ್ನ ಮಾತು ಒಪ್ಪದೆಯೇ ಸತ್ತರು.

ನಮ್ಮೂರನ್ನು ಕೇಳಿಕೊಂಡು ಬರುವವರು ಬೇರೆ ಯಾರೂ ಇಲ್ಲದ್ದರಿಂದ ವರ್ಗ ಸಲೀಸಾಗಿ ಸಿಕ್ಕಿತು. ಗೌಡ ನೀರು ಬೀಳದ ಬೋರಿನ ಕಬ್ಬಿಣದ ಪೈಪು ಕೊಟ್ಟ. ಜಲ್ಲಿ ಸಿಮೆಂಟು ಹಾಕಿ ನೆಟ್ಟರು. ಕಂಬ ನೆಡುವ ದಿನವೆಂದು, ಅಭ್ಯಾಸ ಬಿಡದೆ ನಾನು ಸೆರಗಿನಡಿ ಒಂದು ಲೋಟ ಹಾಲು ತಂದಿದ್ದೆ. ಟೀಚರಮ್ಮ ನೋಡಿದರು. ನಾನೇ ಕುಡಿದೆ.

ಆ ಆಗಸ್ಟಿಗೆ ಹಗ್ಗದ ಸರದಿ ಯಾರದೆಂದು ಊರೆಲ್ಲ ಕಾಯುತ್ತಿತ್ತು. ಹೊಸದಾಗಿ ಶಾಲೆ ತೆಗೆದ ಮೇಲೆ ಐದನೇ ಕ್ಲಾಸಿನಲ್ಲಿ ಒಂದು ದಿನವೂ ತಪ್ಪಿಸದೆ ಬಂದವನು ಗೌಡನ ಮೊಮ್ಮಗ. ಮನೆಯವರೇ ಕವಣೆ ಕಿತ್ತುಕೊಂಡು ಅಟ್ಟಿದ್ದರು. ಟೀಚರಮ್ಮ ಅವನ ಹೆಸರನ್ನೇ ಹೇಳಿದರು. ಕಾಲೋನಿಯವರ ಮುಖ ಸಣ್ಣದಾಯಿತು. ಗೌಡ ಮೀಸೆ ನೀವಿಕೊಂಡ. ಬೇಕೆಂದೇ ಕೆಂಪಿಗೆ ಕೊಡಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, "ಅವರಿಗೊಂದು ರೂಲ್ಸು, ಇವರಿಗೊಂದು ರೂಲ್ಸು ಮಾಡೋಕೆ ಪೈಪು ಯಾಕೆ ನೆಟ್ಟಿದ್ದು, ಮರದ ಕಂಬಾನೇ ಸಾಕಾಗಿತ್ತು" ಎಂದು ಬೈದರು.

ಆ ಬೆಳಿಗ್ಗೆ ಕಾಲೋನಿಯವರು ಬೇಲಿಯೊಳಗೆ ಬಂದರು. ಚಪ್ಪಲಿ ಕೈಲಿತ್ತು. ಊರ ಬೀದಿಯಲ್ಲಿ ಅವರು ಚಪ್ಪಲಿ ಮೆಟ್ಟುವಂತಿರಲಿಲ್ಲ. ಕೈಲಿ ಹಿಡಿದು ದಾಟಬೇಕು. ಹಾಗೆಯೇ ಹಿಡಿದುಕೊಂಡು ನಿಂತಿದ್ದರು.

ಟೀಚರಮ್ಮ ತಿರುಗಿ ನೋಡಿದರು. "ಚಪ್ಪಲಿ ಹಿಡ್ಕೊಂಡು ಸೆಲ್ಯೂಟ್ ಹೊಡೆಯೋಕಾಗಲ್ಲ. ಇದು ಗುಡಿ ಅಲ್ಲ. ಎಲ್ರೂ ಮೆಟ್ಕೊಳ್ಳಿ."

ಅವರು ಗೌಡನ ಕಡೆ ನೋಡಿದರು. ಗೌಡ ಹಗ್ಗ ಹಿಡಿದ ಮೊಮ್ಮಗನ ಕ‌ಡೆ ನೋಡಿದ. ಕೆಂಪಿಯ ಅಪ್ಪ ಮೊದಲು ಚಪ್ಪಲಿ ಕೆಳಗಿಟ್ಟು ಕಾಲು ತೂರಿಸಿದ. ಆಮೇಲೆ ಒಬ್ಬೊಬ್ಬರೇ. ಬಾವುಟ ಏರಿತು, ಮಕ್ಕಳು ಹಾಡಿದರು. ಊರೊಳಗೆ ಅವರು ಚಪ್ಪಲಿ ಮೆಟ್ಟಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಡು ಮುಗಿಯಿತು. ಯಾರೂ ಹೇಳದಿದ್ದರೂ ಅವರೇ ಬಗ್ಗಿ, ಚಪ್ಪಲಿ ಮತ್ತೆ ಕೈಗೆ ತೆಗೆದುಕೊಂಡು, ಬಂದ ಬೀದಿಯಲ್ಲೇ ಹೋದರು.

ಟೀಚರಮ್ಮ ಬೀದಿಯ ತಿರುವಿನವರೆಗೂ ಅವರನ್ನೇ ನೋಡುತ್ತಿದ್ದರು. ಆಮೇಲೆ, "ಮಾದಮ್ಮ, ಮುಂದಿನ ಸಲ ಹಾಡು ಇನ್ನೂ ನಿಧಾನಕ್ಕೆ ಹಾಡಿಸ್ತೀನಿ" ಎಂದರು.

ಹಾಗೆಯೇ ಮಾಡಿದರು. ಮುಂದಿನ ವರ್ಷ ಮಕ್ಕಳು ಒಂದೊಂದು ಸಾಲನ್ನೂ ಎಷ್ಟು ಎಳೆದರೆಂದರೆ ಗೌಡ ನಿಂತಲ್ಲೇ ತೂಕಡಿಸಿದ. ಅಷ್ಟು ಹೊತ್ತೂ ಕಾಲೋನಿಯವರ ಚಪ್ಪಲಿ ಕಾಲಲ್ಲೇ ಇತ್ತು. ಈಗ ಬೀದಿಯಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಯೇ ನಡೆಯುತ್ತಾರೆ. ಹಾಡನ್ನು ಎಳೆದದ್ದು ಏಕೆಂದು ಮಕ್ಕಳಿಗೂ ಗೊತ್ತಿಲ್ಲ, ಅವರ ಅಪ್ಪ ಅಮ್ಮಂದಿರಿಗೂ ನೆನಪಿಲ್ಲ. ಹೊಸದಾಗಿ ಬಂದ ಮೇಷ್ಟ್ರುಗಳು ಇಷ್ಟು ನಿಧಾನ ಹಾಡಬಾರದೆಂದು ಒಂದೆರಡು ವರ್ಷ ತಿದ್ದಲು ನೋಡುತ್ತಾರೆ, ಆಮೇಲೆ ಅವರೂ ನಮ್ಮ ಮಕ್ಕಳ ಜೊತೆ ನಿಧಾನಕ್ಕೇ ಹಾಡುತ್ತಾರೆ.